ಹಾರರ್ ಸಿನಿಮಾ: ಕತ್ತರಿ ಹಾಕುವವರು ಯಾರು, ವಯಸ್ಸು ನೋಡುವವರು ಯಾರು?

ಸಿನಿಮಾ ಶುರುವಾಗುವ ಮೊದಲು ಪರದೆ ಮೇಲೆ ಒಂದು ಸರ್ಟಿಫಿಕೇಟ್ ಬರುತ್ತದಲ್ಲ, ಈ ಪಾಠ ಓದುವ ಮೊದಲು ಅದನ್ನೊಮ್ಮೆ ನೆಟ್ಟಗೆ ನೋಡಿ. ಚಿತ್ರದ ಹೆಸರು, ಭಾಷೆ, ಅವಧಿ, ಜೊತೆಗೆ ಯು (ಎಲ್ಲರಿಗೂ), ಯು/ಎ (ಮಕ್ಕಳಾದರೆ ಅಪ್ಪ ಅಮ್ಮ ಯೋಚಿಸಿ ತೋರಿಸಬೇಕು) ಅಥವಾ ಎ (ದೊಡ್ಡವರಿಗೆ ಮಾತ್ರ) ಅನ್ನುವ ಅಕ್ಷರ. ನಮ್ಮ ಹಾಸನದಲ್ಲಿ ಅದನ್ನು ಓದುವವರು ಹುಡುಕುವುದು ಅವಧಿಯನ್ನು ಮಾತ್ರ. ಸೆಕೆಂಡ್ ಶೋ ಬಿಟ್ಟ ಮೇಲೆ ಆಲೂರಿಗೋ ಅರಕಲಗೂಡಿಗೋ ಹೋಗಬೇಕಲ್ಲ. ಆದರೆ ಕಥೆ ಎಲ್ಲ ಇರುವುದು ಆ ಅಕ್ಷರದಲ್ಲಿ.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿಕೊಳ್ಳಿ. ದೃಶ್ಯ ತೆಗೆಸುವುದು ಒಂದು ಕೆಲಸ. ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವುದು ಇನ್ನೊಂದು. ಮೊದಲನೆಯದು ಸೆನ್ಸಾರ್, ಎರಡನೆಯದು ವರ್ಗೀಕರಣ. ಮೊದಲು ಕತ್ತರಿ ಇತ್ತು, ಆಮೇಲೆ ವಯಸ್ಸಿನ ಲೆಕ್ಕ ಬಂತು ಅಂತ ಗೈಡ್‌ಗಳಲ್ಲಿ ಬರೆದಿರುತ್ತಾರೆ. ಹೊರದೇಶಗಳ ಮಟ್ಟಿಗೆ ಇದು ಹೆಚ್ಚುಕಮ್ಮಿ ಸರಿ. ನಮ್ಮಲ್ಲಿ ಎರಡೂ ಇವತ್ತಿಗೂ ಒಂದೇ ಮೇಜಿನ ಮೇಲೆ ಕೂತಿವೆ.

ಹಾರರ್‌ಗೆ ಕತ್ತರಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ 1931ರ ಅಮೆರಿಕದ 'ಫ್ರಾಂಕನ್‌ಸ್ಟೈನ್' ಒಳ್ಳೆ ಉದಾಹರಣೆ. ರಾಕ್ಷಸನೂ ಒಬ್ಬ ಪುಟ್ಟ ಹುಡುಗಿಯೂ ಕೆರೆ ದಂಡೆಯಲ್ಲಿ ಹೂವು ನೀರಿಗೆ ಎಸೆದು ಆಡುತ್ತಿರುತ್ತಾರೆ. ಹೂವು ತೇಲುತ್ತದೆ. ಹೂವು ಮುಗಿದ ಮೇಲೆ ಅವನು ಹುಡುಗಿಯನ್ನೇ ಎತ್ತಿ ನೀರಿಗೆ ಹಾಕುತ್ತಾನೆ, ಅವಳೂ ತೇಲುತ್ತಾಳೆ ಅಂತ ಅವನ ಲೆಕ್ಕ. ಸೆನ್ಸಾರ್‌ನವರು ನೀರಿಗೆ ಹಾಕುವ ಭಾಗವನ್ನು ತೆಗೆಸಿದರು. ಆಗ ಉಳಿದದ್ದೇನು? ರಾಕ್ಷಸ ಹುಡುಗಿಯ ಕಡೆ ಕೈ ಚಾಚುತ್ತಾನೆ, ಆಮೇಲೆ ಅಪ್ಪ ಮಗಳ ಹೆಣ ಹೊತ್ತುಕೊಂಡು ಊರೊಳಗೆ ಬರುತ್ತಾನೆ. ನಡುವೆ ಏನಾಯಿತು ಅಂತ ನೋಡುವವರು ತಾವೇ ಊಹಿಸಿಕೊಳ್ಳಬೇಕು, ಮತ್ತು ಹಾಗೆ ಊಹಿಸಿಕೊಂಡದ್ದು ಮೂಲ ದೃಶ್ಯಕ್ಕಿಂತ ಎಷ್ಟೋ ಕೆಟ್ಟದಾಗಿರುತ್ತಿತ್ತು. ಮೂಲದಲ್ಲಿ ಅದು ಪೆದ್ದು ರಾಕ್ಷಸನ ತಪ್ಪು. ಕತ್ತರಿ ಬಿದ್ದ ಮೇಲೆ ಬೇಕಂತಲೇ ಮಾಡಿದ ಪಾಪ.

ಬ್ರಿಟನ್ನಿನ ಕಥೆ ಬೇಗ ಹೇಳುತ್ತೇನೆ, ವರ್ಷಗಳು ಮುಖ್ಯ. 1930ರ ದಶಕದಲ್ಲಿ ಹಾರರ್‌ಗೆ ಅಂತಲೇ ಅಲ್ಲಿ 'ಎಚ್' ಅನ್ನುವ ವರ್ಗ ಬಂತು. ಎರಡನೇ ಮಹಾಯುದ್ಧ ನಡೆಯುವಾಗ, 1942ರಿಂದ 1945ರವರೆಗೆ, ಅಂಥ ಚಿತ್ರಗಳನ್ನು ಪೂರ್ತಿ ನಿಲ್ಲಿಸಿದ್ದರು. ಬಾಂಬ್ ಬೀಳುವ ಊರಿನಲ್ಲಿ ಸಿನಿಮಾ ದೆವ್ವದ ಭಯ ಬೇರೆ! 1951ರಲ್ಲಿ 'ಎಚ್' ಹೋಗಿ 'ಎಕ್ಸ್' ಬಂತು, 16 ವರ್ಷ ಆದವರಿಗೆ ಮಾತ್ರ. 1970ರಲ್ಲಿ ಅದು 18ಕ್ಕೆ ಏರಿತು. ಮನೆಮನೆಗೆ ವಿಸಿಆರ್ ಬಂದಾಗ ಮತ್ತೆ ಗಲಾಟೆ ಎದ್ದು, ವಿಡಿಯೋ ಕ್ಯಾಸೆಟ್‌ಗೂ ಸರ್ಟಿಫಿಕೇಟ್ ಬೇಕು ಅಂತ 1984ರಲ್ಲಿ ಕಾನೂನು ಮಾಡಿದರು.

ಅಲ್ಲಿಯದೇ ಇನ್ನೊಂದು ಪ್ರಕರಣವನ್ನು ಮಾತ್ರ ಬಿಡಬೇಡಿ. 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಚಿತ್ರಕ್ಕೆ ಬ್ರಿಟನ್ನಿನ ಮಂಡಳಿ 1975ರಲ್ಲಿ ಸರ್ಟಿಫಿಕೇಟ್ ಕೊಡಲಿಲ್ಲ. ಹೆಸರು ಕೇಳಿದರೆ ರಕ್ತದ ಹೊಳೆ ಅನ್ನಿಸುತ್ತದೆ, ಆದರೆ ತೆರೆಯ ಮೇಲೆ ಕಾಣುವ ರಕ್ತ ತೀರಾ ಕಡಿಮೆ. ಹಾಗಾಗಿ ಕತ್ತರಿಸೋಣ ಅಂದರೂ ಏನನ್ನು ಕತ್ತರಿಸುವುದು? ಭಯ ಇದ್ದದ್ದು ಸದ್ದಿನಲ್ಲಿ, ಕಿರುಚಾಟದಲ್ಲಿ, ಬಿಡದೆ ಬೆನ್ನಟ್ಟುವುದರಲ್ಲಿ. 1999ರಲ್ಲಿ ಅದೇ ಚಿತ್ರ ಒಂದೂ ಕಟ್ ಇಲ್ಲದೆ '18' ಅಂತ ಪಾಸಾಯಿತು. ಚಿತ್ರ ಬದಲಾಗಲಿಲ್ಲ, ನೋಡುವವರ ಮೇಲಿನ ನಂಬಿಕೆ ಬದಲಾಯಿತು.

ಅಮೆರಿಕದಲ್ಲಿ 1934ರಿಂದ ಜೋರಾಗಿ ಜಾರಿಯಲ್ಲಿದ್ದ ಹೇಸ್ ಸಂಹಿತೆ (ಏನು ತೋರಿಸಬಾರದು ಅಂತ ಹಾಲಿವುಡ್ ತಾನೇ ಹಾಕಿಕೊಂಡ ನಿಯಮ) 1968ರಲ್ಲಿ ಹೋಗಿ ವಯಸ್ಸಿನ ವರ್ಗಗಳು ಬಂದವು. 1984ರಲ್ಲಿ ಪಿಜಿ-13 (13ಕ್ಕಿಂತ ಚಿಕ್ಕವರಿದ್ದರೆ ಅಪ್ಪ ಅಮ್ಮ ಎಚ್ಚರ ವಹಿಸಿ ಅನ್ನುವ ವರ್ಗ) ಸೇರಿತು. ಇಷ್ಟು ಸಾಕು.

ಈಗ ನಮ್ಮ ದೇಶ. 1918ರಲ್ಲಿ ಸಿನಿಮಾ ಕಾಯ್ದೆ, 1920ರಿಂದ ಬಾಂಬೆ, ಮದ್ರಾಸ್, ಕಲ್ಕತ್ತಾ, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು. 1949ರಲ್ಲಿ ಯು ಮತ್ತು ಎ ವರ್ಗಗಳು ಬಂದವು. ಈಗ ನಡೆಯುತ್ತಿರುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆ. 1983ರಲ್ಲಿ ಯು/ಎ ಸೇರಿತು, ಅದೇ ವರ್ಷ ಮಂಡಳಿಯ ಹೆಸರಿನಿಂದ 'ಸೆನ್ಸಾರ್' ತೆಗೆದು 'ಪ್ರಮಾಣೀಕರಣ' ಅಂತ ಇಟ್ಟರು. ಜನ ಮಾತ್ರ ಇವತ್ತಿಗೂ 'ಸೆನ್ಸಾರ್ ಆಯ್ತಾ?' ಅಂತಲೇ ಕೇಳುವುದು. ನನ್ನ ಪ್ರಕಾರ ಜನ ಕೇಳುವುದೇ ಸರಿ, ಯಾಕೆಂದರೆ ಕತ್ತರಿ ಎಲ್ಲೂ ಹೋಗಿಲ್ಲ. ಸಿನಿಮಾಗೆ ಮೊದಲೇ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿಬಿಟ್ಟಿದೆ. 1991ರ ಮಾರ್ಗಸೂಚಿಯಲ್ಲಂತೂ ಅನಗತ್ಯ ಹಿಂಸೆ, ಕ್ರೌರ್ಯದ ಜೊತೆ ಭಯಾನಕ ದೃಶ್ಯಗಳನ್ನೂ ಹೆಸರಿಟ್ಟೇ ಸೇರಿಸಿದ್ದಾರೆ.

ಮುಖ್ಯ ವಿಷಯ ಈಗ ಬರುತ್ತದೆ. 1970, 80ರ ದಶಕದ ರಾಮ್ಸೆ ಸಹೋದರರ ಹಿಂದಿ ದೆವ್ವದ ಚಿತ್ರಗಳು ಹೆಚ್ಚಾಗಿ ಎ ಸರ್ಟಿಫಿಕೇಟ್ ಹೊತ್ತೇ ಬರುತ್ತಿದ್ದವು, ಪೋಸ್ಟರ್ ಮೇಲೆ ದೊಡ್ಡ 'ಎ' ಇದ್ದರೆ ಅದೇ ಒಂದು ಜಾಹೀರಾತು. ಆಮೇಲೆ ಲೆಕ್ಕ ಉಲ್ಟಾ ಆಯಿತು. ಎ ಸಿಕ್ಕರೆ ಮಕ್ಕಳಿರುವ ಮನೆಯವರು ಬರುವುದಿಲ್ಲ, ಟಿವಿಯಲ್ಲಿ ಹಾಗೇ ಹಾಕುವಂತಿಲ್ಲ. ಆದ್ದರಿಂದ ನಿರ್ಮಾಪಕರೇ ಕೆಲವು ದೃಶ್ಯ ತೆಗೆದು ಯು/ಎ ತೆಗೆದುಕೊಂಡು ಬರುತ್ತಾರೆ. ಇಲ್ಲಿ ಕತ್ತರಿ ಹಿಡಿದದ್ದು ಸರ್ಕಾರವೋ ಮಾರುಕಟ್ಟೆಯೋ? ಐದು ಅಂಕದ ಪ್ರಶ್ನೆ ಬಂದರೆ ಇದನ್ನು ಬರೆಯಿರಿ, ಸುಮ್ನೆ ವರ್ಷಗಳ ಪಟ್ಟಿ ಕೊಡಬೇಡಿ. ತೆಗೆಯುವುದು ಯಾವಾಗಲೂ ರಕ್ತವನ್ನೇ, ಕಿವಿಗೆ ಹೊಡೆಯುವ ಸದ್ದು ಹಾಗೇ ಉಳಿಯುತ್ತದೆ ಅನ್ನುವುದನ್ನೂ ಸೇರಿಸಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಸಿದ ದೆವ್ವ ನಮ್ಮ ಕಡೆ ಒಂದು ತೊಟ್ಟು ರಕ್ತ ತೋರಿಸಿರಲಿಲ್ಲ. ಆದರೂ ದೊಡ್ಡವರೇ ಸೀಮೆಸುಣ್ಣ ಹುಡುಕುತ್ತಿದ್ದರು, ಅಲ್ವಾ?

ಹೊಸ ಬದಲಾವಣೆ 2023ರ ತಿದ್ದುಪಡಿಯದು. ಯು/ಎ ಒಡೆದು 7+, 13+, 16+ ಅಂತ ಮೂರು ಮಾಡಿದರು. ಒಟಿಟಿಗೆ ಇದೇ ವಿಂಗಡಣೆ 2021ರ ಐಟಿ ನಿಯಮಗಳಲ್ಲೇ ಬಂದಿತ್ತು. ಥಿಯೇಟರಿಗೆ ಬರಲು ಎರಡು ವರ್ಷ ಹಿಡಿಯಿತು. ಹಾರರ್ ಮಟ್ಟಿಗೆ ಇದು ನಿಜಕ್ಕೂ ಉಪಯೋಗ. ತಮಾಷೆ ದೆವ್ವವನ್ನೂ ನಿದ್ದೆ ಕೆಡಿಸುವ ದೆವ್ವವನ್ನೂ ಮೊದಲು ಒಂದೇ ಚೀಲಕ್ಕೆ ತುಂಬುತ್ತಿದ್ದರು. ಆದರೆ ಒಂದು ಸೂಕ್ಷ್ಮ ಗಮನಿಸಿ: ಈ ಮೂರು ಗುರುತುಗಳು ಅಪ್ಪ ಅಮ್ಮ ಯೋಚನೆ ಮಾಡಲಿ ಅಂತ ಇರುವವು. 16+ ಚಿತ್ರಕ್ಕೆ ಅಪ್ಪನೇ ಹತ್ತು ವರ್ಷದ ಮಗನನ್ನು ಕರೆತಂದರೆ ಗೇಟಿನವನು ತಡೆಯುವಂತಿಲ್ಲ. ತಡೆಯಬೇಕಾದದ್ದು ಎ ಚಿತ್ರಕ್ಕೆ. ಅದನ್ನೂ ಎಲ್ಲ ಕಡೆ ತಡೆಯುವುದಿಲ್ಲ, ಮಗು ಹೆಗಲ ಮೇಲೆ ಮಲಗಿದ್ದರೆ ಯಾರೂ ಕೇಳುವುದೇ ಇಲ್ಲ.

ಅದೇ ತಿದ್ದುಪಡಿ ಇನ್ನೆರಡು ಕೆಲಸ ಮಾಡಿದೆ. ಮೊದಲು ಸರ್ಟಿಫಿಕೇಟ್ ಹತ್ತು ವರ್ಷಕ್ಕೆ ಅಂತ ಇತ್ತು, ಈಗ ಶಾಶ್ವತ. ಎ ಚಿತ್ರವನ್ನು ಟಿವಿಗೆ ಹಾಕಬೇಕಾದರೆ ಬದಲಾಯಿಸಿ ಮತ್ತೆ ಪ್ರಮಾಣಪತ್ರ ಪಡೆಯಲು ಕಾಯ್ದೆಯಲ್ಲೇ ದಾರಿ ಮಾಡಿದ್ದಾರೆ. ಥಿಯೇಟರಿನಲ್ಲಿ ನೋಡಿದ ಚಿತ್ರ ಟಿವಿಯಲ್ಲಿ ಚಿಕ್ಕದಾದ ಹಾಗೆ ಅನ್ನಿಸಿದರೆ ಕಾರಣ ಇದೇ ಇರಬಹುದು.

ಕೊನೆಗೆ ಪರೀಕ್ಷೆಗೆ ಒಂದು ಮಾತು. ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಮೊದಲು ಪರಿಶೀಲನಾ ಸಮಿತಿಯಿಂದ ಪುನರ್‌ಪರಿಶೀಲನಾ ಸಮಿತಿಗೆ, ಅಲ್ಲಿಂದ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು ಅಂತ ಹಳೇ ಗೈಡ್‌ಗಳಲ್ಲಿ ಇದೆ. ಆ ನ್ಯಾಯಮಂಡಳಿ 2021ರ ಏಪ್ರಿಲ್‌ನಲ್ಲೇ ರದ್ದಾಗಿದೆ. ಈಗ ಮೇಲ್ಮನವಿ ಹೈಕೋರ್ಟಿಗೆ. ಆ ಸಾಲನ್ನು ಪುಸ್ತಕದಲ್ಲಿ ಹೊಡೆದುಹಾಕಿಕೊಳ್ಳಿ.