ಬಾರ್ತೊಲೊಮಾಯ ಭಾರತಕ್ಕೆ ಬಂದಿದ್ದನೇ?

ಯೇಸುವಿನ ಶಿಷ್ಯರಲ್ಲಿ ಭಾರತಕ್ಕೆ ಬಂದವರು ಯಾರು ಎಂದರೆ ಎಲ್ಲರ ಬಾಯಲ್ಲೂ ತೋಮನ ಹೆಸರು. ಚರ್ಚ್‌ನ ಹಳೆಯ ಚರಿತ್ರೆಯಲ್ಲಿ ಇನ್ನೊಂದು ಹೆಸರೂ ಇದೆ: ಬಾರ್ತೊಲೊಮಾಯ.

ಹೊಸ ಒಡಂಬಡಿಕೆಯಲ್ಲಿ ಈ ಹೆಸರು ಬರುವುದು ನಾಲ್ಕೇ ಕಡೆ, ಅದೂ ಶಿಷ್ಯರ ಪಟ್ಟಿಗಳಲ್ಲಿ ಮಾತ್ರ. ಅವನ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ನಾಲ್ಕರಲ್ಲಿ ಮೂರು ಪಟ್ಟಿಗಳು ಅವನನ್ನು ಫಿಲಿಪ್ಪನ ಜೊತೆಗೇ ಹೆಸರಿಸುತ್ತವೆ. ಯೋಹಾನನ ಸುವಾರ್ತೆಯಲ್ಲಿ ಫಿಲಿಪ್ಪ ಯೇಸುವಿನ ಬಳಿಗೆ ಕರೆತರುವುದು ಕಾನಾ ಊರಿನ ನತಾನಯೇಲನನ್ನು. ನಜರೇತಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ಕೇಳಿದವನು ಈತ. ಇಬ್ಬರೂ ಒಬ್ಬನೇ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ.

ಅವನ ಸಾವಿನ ಕಥೆ ಆರ್ಮೇನಿಯಾದ್ದು. ಜೀವಂತವಾಗಿ ಚರ್ಮ ಸುಲಿದು ಕೊಂದರೆಂದು ಪರಂಪರೆ ಹೇಳುತ್ತದೆ. 1541ರಲ್ಲಿ ಮುಗಿದ ಸಿಸ್ಟೀನ್ ಚಾಪೆಲ್‌ನ ಅಂತಿಮ ತೀರ್ಪಿನ ಚಿತ್ರದಲ್ಲಿ ಮೈಕೆಲೆಂಜೆಲೊ ಅವನ ಒಂದು ಕೈಗೆ ಚಾಕು, ಇನ್ನೊಂದಕ್ಕೆ ಜೋತುಬಿದ್ದ ಚರ್ಮ ಕೊಟ್ಟಿದ್ದಾನೆ. ಆ ಚರ್ಮದ ಮೇಲಿನ ಮುಖ ಚಿತ್ರಕಾರನದೇ ಎಂದು ಬಹುತೇಕ ಕಲಾ ಇತಿಹಾಸಕಾರರ ಅಭಿಪ್ರಾಯ.

ಭಾರತದ ನಂಟಿಗೆ ಆಧಾರ ಚರ್ಚ್‌ನ ಚರಿತ್ರೆಕಾರ ಯೂಸೇಬಿಯಸ್ 4ನೇ ಶತಮಾನದಲ್ಲಿ ಬರೆದ ಕೆಲವೇ ಸಾಲು. 2ನೇ ಶತಮಾನದ ಕೊನೆಯ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಗುರು ಪಂತೇನಸ್ 'ಇಂಡಿಯಾ'ಕ್ಕೆ ಹೋದನಂತೆ. ಅಲ್ಲಿನವರ ಬಳಿ ಆಗಲೇ ಹೀಬ್ರೂ ಅಕ್ಷರಗಳಲ್ಲಿದ್ದ ಮತ್ತಾಯನ ಸುವಾರ್ತೆ ಇತ್ತಂತೆ, ಅದನ್ನು ಕೊಟ್ಟುಹೋದವನು ಬಾರ್ತೊಲೊಮಾಯನಂತೆ. ಈ 'ಅಂತೆ' ನನ್ನ ಸೇರ್ಪಡೆಯಲ್ಲ. ಯೂಸೇಬಿಯಸ್ಸೇ ಇದನ್ನು ಕೇಳಿದ ಸುದ್ದಿಯೆಂದು ಬರೆಯುತ್ತಾನೆ.

ಆ ಕಾಲದ ಗ್ರೀಕ್ ಬರಹಗಾರರು ದಕ್ಷಿಣ ಅರೇಬಿಯಾ, ಇಥಿಯೋಪಿಯಾಗಳನ್ನೂ ಇಂಡಿಯಾ ಎಂದದ್ದುಂಟು. ಹಾಗಾಗಿ ಕೆಲವು ವಿದ್ವಾಂಸರು ಇದು ನಮ್ಮ ನೆಲವೇ ಅಲ್ಲ ಎನ್ನುತ್ತಾರೆ. ನಮ್ಮದೇ ಎನ್ನುವವರು ಮುಂಬೈ ಸಮೀಪದ ಕಲ್ಯಾಣದತ್ತ ಬೊಟ್ಟು ಮಾಡುತ್ತಾರೆ. 6ನೇ ಶತಮಾನದಲ್ಲಿ ಕಾಸ್ಮಸ್ ಎಂಬವನು 'ಕಲ್ಲಿಯಾನ'ದಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಇದ್ದನೆಂದು ಬರೆದಿದ್ದಾನೆ. ಅದು ಉಡುಪಿ ಬಳಿಯ ಕಲ್ಯಾಣಪುರ ಎಂದವರೂ ಇದ್ದಾರೆ. ನಮ್ಮ ಕರಾವಳಿಯ ಹೆಸರು ಕೇಳಿದರೆ ನನಗೂ ಹಿಗ್ಗು. ಆದರೆ ಕಾಸ್ಮಸ್ ಬರೆದದ್ದು ಬಾರ್ತೊಲೊಮಾಯನ ಕಾಲದಿಂದ ಸುಮಾರು 500 ವರ್ಷಗಳ ನಂತರ, ಆ ಶಿಷ್ಯನ ಹೆಸರನ್ನೂ ಎತ್ತದೆ.

ದಾರಿಯಂತೂ ಇತ್ತು. ಕೆಂಪು ಸಮುದ್ರದ ಬಂದರುಗಳಿಂದ ಮುಂಗಾರು ಗಾಳಿ ಹಿಡಿದು ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಮೆಣಸಿಗಾಗಿ ಬರುತ್ತಿದ್ದವು. ಪಂತೇನಸ್ ಅಂಥದೊಂದು ಹಡಗನ್ನೇರಿ ಬಂದಿರುವುದು ಅಸಂಭವವಲ್ಲ. ಆದರೆ ಬಾರ್ತೊಲೊಮಾಯ ಇಲ್ಲಿ ಕಾಲಿಟ್ಟಿದ್ದನೆಂದು ಹೇಳಲು ಆ ಸಾಲುಗಳಷ್ಟೇ ಸಾಲವು.