ಪ್ರಾಗ್‌ನ ‘ಫ್ರೀ’ ವಾಕಿಂಗ್ ಟೂರ್: ಖರ್ಚು ಯಾರ ತಲೆ ಮೇಲೆ?

ಪ್ರಾಗ್‌ನ ಹಳೇ ಪೇಟೆ ಚೌಕದಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ನಿಂತರೆ ಬಣ್ಣಬಣ್ಣದ ಕೊಡೆಗಳು ಕಾಣುತ್ತವೆ. ಮಳೆ ಇರಲಿ, ಬಿಡಲಿ, ಕೊಡೆ ಅಂತೂ ಬಿಚ್ಚಿಯೇ ಇರುತ್ತದೆ. ಅದನ್ನು ಹಿಡಿದವರು ಗೈಡ್‌ಗಳು. ಸುತ್ತ ಇಪ್ಪತ್ತು ಮೂವತ್ತು ಜನ. ಟಿಕೆಟ್ ಇಲ್ಲ. ಎರಡು ಎರಡೂವರೆ ಗಂಟೆ ಊರು ತೋರಿಸುತ್ತಾರೆ, ಕೊನೆಗೆ ‘ನಿಮಗೆ ತೋಚಿದಷ್ಟು ಕೊಡಿ’ ಎನ್ನುತ್ತಾರೆ.

ನಾನೂ ಒಂದು ಗುಂಪಿಗೆ ಸೇರಿಕೊಂಡೆ. ನಮ್ಮ ಗೈಡ್ ಒಬ್ಬ ಯುವತಿ. ಹಳೇ ಟೌನ್ ಹಾಲ್ ಗೋಡೆ ಪಕ್ಕ ನಿಂತು, ಮೊದಲು ನೆಲ ನೋಡಿ ಅಂದರು. ಕಲ್ಲುಹಾಸಿನಲ್ಲಿ ಬಿಳಿ ಶಿಲುಬೆಗಳು. ಎಣಿಸಿದರೆ 27. ಬೊಹೀಮಿಯಾದವರು, ಅಂದರೆ ಈಗಿನ ಚೆಕ್ ನಾಡಿನವರು, ಹ್ಯಾಬ್ಸ್‌ಬರ್ಗ್ ದೊರೆಯ ವಿರುದ್ಧ ಬಂಡೆದ್ದು ವೈಟ್ ಮೌಂಟನ್ ಯುದ್ಧದಲ್ಲಿ ಸೋತ ಮರುವರ್ಷ, 1621ರ ಜೂನ್ 21ರಂದು, ಬಂಡಾಯದ 27 ಮುಂದಾಳುಗಳನ್ನು ಇಲ್ಲೇ ಕೊಂದರು. ಅವರಲ್ಲಿ ಯಾನ್ ಯೆಸೆನಿಯಸ್ ಎಂಬ ವೈದ್ಯರೂ ಇದ್ದರು. 1600ರಲ್ಲಿ ಇದೇ ಊರಿನಲ್ಲಿ ಜನರೆದುರು ಹೆಣ ಕೊಯ್ದು ದೇಹದ ಒಳಗನ್ನು ತೋರಿಸಿಕೊಟ್ಟವರು. ತಲೆ ಕಡಿಯುವ ಮೊದಲು ಅವರ ನಾಲಿಗೆ ಕತ್ತರಿಸಿದರು. ಹೀಗೆ ಸತ್ತವರಲ್ಲಿ ಹನ್ನೆರಡು ಜನರ ತಲೆಗಳು ಚಾರ್ಲ್ಸ್ ಸೇತುವೆಯ ಗೋಪುರದ ಮೇಲೆ ಹತ್ತು ವರ್ಷ ನೇತಾಡಿದವು. ಗೈಡ್ ಇರದಿದ್ದರೆ ನಾನು ಆ ಶಿಲುಬೆಗಳನ್ನು ತುಳಿದುಕೊಂಡೇ ಹೋಗಿರುತ್ತಿದ್ದೆ.

ಇಷ್ಟು ಒಳ್ಳೆಯ ಕೆಲಸಕ್ಕೆ ಬೆಲೆ ಯಾಕಿಲ್ಲ? ಇದು ಶುರುವಾದದ್ದು ಹೇಗೆ?

ಇಲ್ಲಿ ಬಹುಕಾಲ ಗೈಡ್ ಅಂದರೆ ಸಂಬಳದ ಕೆಲಸ. 1920ರಲ್ಲಿ ಚೆಡೋಕ್ ಎಂಬ ಪ್ರವಾಸಿ ಸಂಸ್ಥೆ ಹುಟ್ಟಿತು. 1948ರಲ್ಲಿ ಕಮ್ಯುನಿಸ್ಟರು ಬಂದ ಮೇಲೆ ಅದು ಸರ್ಕಾರದ ಕೈಗೆ ಹೋಯಿತು. ಹೊರದೇಶದವರ ಹೋಟೆಲ್, ಬಸ್ಸು, ಗೈಡ್ ಬಹುಪಾಲು ಅದರ ಮೂಲಕವೇ. 1989ರ ನವೆಂಬರ್‌ನಲ್ಲಿ ಆ ಆಡಳಿತ ಬಿದ್ದುಹೋಯಿತು, ಗಡಿ ತೆರೆಯಿತು. 1992ರಲ್ಲಿ ಹಳೇ ಊರು ಯುನೆಸ್ಕೋ ಪಟ್ಟಿ ಸೇರಿತು. ಜನ ನುಗ್ಗಿದರು. ಆಗಿನ ಟೂರ್‌ಗಳಿಗೂ ಮೊದಲೇ ದುಡ್ಡು ಕೊಡಬೇಕಿತ್ತು.

‘ಫ್ರೀ’ ಅನ್ನುವ ಪದ ಜೋರಾಗಿ ಹಬ್ಬಿದ್ದು ಬರ್ಲಿನ್‌ನಿಂದ. 2000ರ ದಶಕದ ಮೊದಲ ವರ್ಷಗಳಲ್ಲಿ ಕ್ರಿಸ್ ಸ್ಯಾಂಡೆಮನ್ ಎಂಬವರು ಅಲ್ಲಿ ಟಿಪ್ಸ್ ನಂಬಿದ ಟೂರ್ ಕಂಪನಿ ಕಟ್ಟಿದರು. ಕಾಲವೂ ಕೂಡಿಬಂತು. ವಿಮಾನ ಟಿಕೆಟ್ ಅಗ್ಗವಾಗಿತ್ತು. ಪ್ರವಾಸಿಗರು ತಂಗುವ ಅಗ್ಗದ ಹಾಸ್ಟೆಲ್‌ಗಳಲ್ಲಿ ಕೈಯಲ್ಲಿ ಕಾಸು ಕಡಿಮೆ, ಹೊತ್ತು ಜಾಸ್ತಿ ಇರುವ ಹುಡುಗ ಹುಡುಗಿಯರು ತುಂಬಿದ್ದರು. ಜರ್ಮನಿಯಲ್ಲಿ ಗೈಡ್ ಆಗಲು ಲೈಸೆನ್ಸ್ ಬೇಕಿಲ್ಲ. ಇಟಲಿಯಲ್ಲಾದರೆ ಪರೀಕ್ಷೆ ಪಾಸಾಗಬೇಕು. ಕೆಲವೇ ವರ್ಷಗಳಲ್ಲಿ ಪ್ರಾಗ್, ಆಮ್‌ಸ್ಟರ್‌ಡ್ಯಾಮ್, ಲಂಡನ್, ಎಲ್ಲೆಡೆ ಇದೇ ಪದ್ಧತಿ ಬಂತು.

ಲೆಕ್ಕ ಹೀಗಿದೆ. ಇಂಥ ಕಡೆ ಗೈಡ್ ಬಹುಪಾಲು ನೌಕರರಲ್ಲ, ಸ್ವತಂತ್ರವಾಗಿ ದುಡಿಯುವವರು. ಜನರನ್ನು ಕರೆತರುವುದು ಕಂಪನಿ ಅಥವಾ ಆ್ಯಪ್. ಅದಕ್ಕಾಗಿ ಎಷ್ಟೋ ಕಡೆ ಗೈಡ್ ತಲೆಗಿಷ್ಟು ಅಂತ ಕಂಪನಿಗೆ ಕಟ್ಟಬೇಕು. ಶುರುವಿನಲ್ಲೇ ಗುಂಪಿನ ಫೋಟೋ ತೆಗೆಯುತ್ತಾರಲ್ಲ, ಅದು ನೆನಪಿಗೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ತಲೆ ಎಣಿಸುವುದಕ್ಕೆ. ಅಂದರೆ ಕೊನೆಯಲ್ಲಿ ಸುಮ್ನೆ ಜಾರಿಕೊಳ್ಳುವ ಒಬ್ಬೊಬ್ಬರ ಪಾಲನ್ನೂ ಗೈಡ್ ತನ್ನ ಜೇಬಿನಿಂದ ತುಂಬಬೇಕು. ಭಕ್ಷೀಸು ಅಂದರೆ ಸಂಬಳದ ಮೇಲೆ ಸಿಗುವ ನಾಲ್ಕು ಕಾಸು ಅನ್ನುವುದು ನಮ್ಮ ಎಣಿಕೆ. ಇಲ್ಲಿ ಅದೇ ಸಂಬಳ. ನನಗೆ ಇದು ನ್ಯಾಯ ಅನಿಸುವುದಿಲ್ಲ.

ಹೇಳುವ ಕಥೆಯ ಮೇಲೂ ಇದರ ಒತ್ತಡ ಬೀಳುತ್ತದೆ. ಟೌನ್ ಹಾಲ್‌ನ ಗಡಿಯಾರವನ್ನೇ ನೋಡಿ. ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಸಾಲಾಗಿ ಬಂದು ಹೋಗುತ್ತಾರೆ, ಕೋಳಿ ಕೂಗುತ್ತದೆ. ಇದನ್ನು ಮಾಡಿದ ಹನೂಶ್ ಇನ್ನೊಂದನ್ನು ಮಾಡದಿರಲೆಂದು ಅವನ ಕಣ್ಣು ಕೀಳಿಸಿದರು ಅನ್ನುವುದು ಜನಪ್ರಿಯ ಕಥೆ. ತಾಜ್‌ಮಹಲ್ ಕಟ್ಟಿದವರ ಕೈ ಕಡಿದ ಕಥೆಯ ಹಾಗೆಯೇ ಇದೂ ಕಟ್ಟುಕಥೆ. ಗಡಿಯಾರ 1410ರದು, ಮಾಡಿದವರು ಕಡಾನ್ ಊರಿನ ಮಿಕುಲಾಶ್. ಆದರೆ ಮಿಕುಲಾಶ್ ಹೆಸರಿಗೆ ಯಾರೂ ಹುಬ್ಬೇರಿಸುವುದಿಲ್ಲ. ಹನೂಶ್‌ನ ಕಣ್ಣಿಗೆ ಎಲ್ಲರೂ ‘ಅಯ್ಯೋ’ ಅನ್ನುತ್ತಾರೆ. ಟಿಪ್ಸ್ ನಂಬಿ ಬದುಕುವವರು ಯಾವುದನ್ನು ಹೇಳಬೇಕು ಹೇಳಿ?

ಊರುಗಳೂ ಈಗ ಎಚ್ಚೆತ್ತಿವೆ. ಗುಂಪು ದೊಡ್ಡದಾದಷ್ಟು ಗೈಡ್‌ಗೆ ಲಾಭ, ಓಣಿಯಲ್ಲಿ ಮನೆ ಇರುವವರಿಗೆ ಕಿರಿಕಿರಿ. ಆಮ್‌ಸ್ಟರ್‌ಡ್ಯಾಮ್ 2020ರಲ್ಲಿ ರೆಡ್ ಲೈಟ್ ಬೀದಿಗಳ ಟೂರ್ ನಿಲ್ಲಿಸಿತು, ಊರ ನಡುವೆ ಗುಂಪಿಗೆ 15 ಜನರ ಮಿತಿ ಹಾಕಿತು. ವೆನಿಸ್ 2024ರಲ್ಲಿ 25 ಜನ ಅಂದಿತು, ಧ್ವನಿವರ್ಧಕವೂ ಬೇಡ ಅಂದಿತು. ಅದೇ ವರ್ಷ ಪ್ರಾಗ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಗುಂಪು ಕಟ್ಟಿಕೊಂಡು ಬಾರ್‌ನಿಂದ ಬಾರ್‌ಗೆ ಹೋಗುವ ಟೂರ್‌ಗಳನ್ನು ನಿಷೇಧಿಸಿತು. ಈ ಕಟ್ಟಳೆಗಳೆಲ್ಲ ನಿವಾಸಿಗಳ ನಿದ್ದೆಗೆ, ಓಡಾಟಕ್ಕೆ ಬೇಕಾದವೇ. ಆದರೆ ತಲೆಗಿಷ್ಟು ಅನ್ನುವ ಲೆಕ್ಕವನ್ನು ಇವು ಮುಟ್ಟುವುದಿಲ್ಲ.

ನಮ್ಮ ಗೈಡ್ ಹನೂಶ್‌ನ ಕಥೆಯನ್ನೂ ಹೇಳಿದರು. ಹೇಳಿ ಮುಗಿಸಿ, ‘ಇದು ನಿಜವಲ್ಲ’ ಎಂದು ಮಿಕುಲಾಶ್ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದರು. ಕೊನೆಗೆ ಹನ್ನೆರಡು ತಲೆ ತೂಗಿದ್ದ ಗೋಪುರದ ಕೆಳಗೆ ಟೂರ್ ಮುಗಿಯಿತು. ಏಳೆಂಟು ಜನ ಅಷ್ಟರಲ್ಲೇ ಸೇತುವೆ ಹತ್ತಿಬಿಟ್ಟಿದ್ದರು. ಟಿಕೆಟ್ ಇರುವ ಟೂರ್‌ಗೆ ಎಷ್ಟಾಗುತ್ತದೋ ಅಷ್ಟೇ ಕ್ರೌನ್‌ಗಳನ್ನು ನಾನು ಅವರ ಕೈಗಿಟ್ಟೆ. ಅವರು ಎಣಿಸಲಿಲ್ಲ. ಅಜ್ಜಿಯೊಬ್ಬರು ಯೆಸೆನಿಯಸ್ ಬಗ್ಗೆ ಏನೋ ಕೇಳುತ್ತಿದ್ದರು, ಅವರಿಗೆ ಉತ್ತರ ಹೇಳುತ್ತಾ ನಿಂತರು.