ಏಳು ಬಣ್ಣದ ಚೀಟಿ

2020ರ ಫೆಬ್ರವರಿಯಲ್ಲಿ ಮುಂಬೈ ಬಳಿಯ ನಮ್ಮ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದಲ್ಲಿ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೊಬೈಲಿನಲ್ಲಿ ಚಿತ್ರ ನೋಡಿದ ಮಗಳು "ಹೋಳಿ ಇನ್ನೂ ಬಂದಿಲ್ಲ ಅಲ್ವಾ ಅಪ್ಪಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ತಳೋಜದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಭಾವ ಆ ಭಾನುವಾರ ಊಟಕ್ಕೆ ಬಂದಾಗ ಅವರನ್ನೇ ಕೇಳಿದೆ.

"ಬಣ್ಣ ರಸ್ತೆಗೆ ಬರಬಾರದು ಮಾರಾಯ, ಕಾಗದದಲ್ಲಿ ಇರಬೇಕು" ಎಂದರು ಭಾವ.

ಅವರು ಹೇಳಿದ್ದು ಮ್ಯಾನಿಫೆಸ್ಟ್ ಎಂಬ ಚೀಟಿಯ ವಿಷಯ. ಕಾರ್ಖಾನೆಯಿಂದ ಅಪಾಯಕಾರಿ ತ್ಯಾಜ್ಯದ ಲಾರಿ ಹೊರಡುವಾಗ ಜೊತೆಗೆ ಏಳು ಪ್ರತಿಗಳ ಒಂದು ಚೀಟಿಯೂ ಹೊರಡಬೇಕು. ಬಿಳಿ ಪ್ರತಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಲಾರಿಯವನ ಸಹಿ ಹಾಕಿಸಿಕೊಂಡ ಹಳದಿ ಪ್ರತಿ ಕಳಿಸಿದವನ ಕಡತಕ್ಕೆ. ಗುಲಾಬಿ ಪ್ರತಿ ತ್ಯಾಜ್ಯ ಪಡೆದವನಿಗೆ, ಕಿತ್ತಳೆ ಲಾರಿಯವನಿಗೆ. ಮಾಲು ಮುಟ್ಟಿದ ಮೇಲೆ ಪಡೆದವನು ಹಸಿರು ಪ್ರತಿಯನ್ನು ಮಂಡಳಿಗೆ, ನೀಲಿಯನ್ನು ಕಳಿಸಿದವನಿಗೆ ಹಿಂದಿರುಗಿಸುತ್ತಾನೆ. ಬೂದು ಬಣ್ಣದ್ದು ತ್ಯಾಜ್ಯ ಬೇರೆ ರಾಜ್ಯದಿಂದ ಬಂದಿದ್ದರೆ ಮಾತ್ರ ಬೇಕಾಗುತ್ತದೆ. ಬಿಳಿ ಪ್ರತಿ ಬಂದು ಹಸಿರು ಬಾರದಿದ್ದರೆ ನಡುದಾರಿಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುವವರಿದ್ದರೆ ಮಾತ್ರ ಅದು ತಿಳಿಯುತ್ತದೆ. ಈ ಕಾನೂನಿನ ಜೀವ ಇರುವುದು ಅಲ್ಲೇ ಎಂದು ನನಗನಿಸುತ್ತದೆ.

ಇಷ್ಟು ಜಾಗ್ರತೆ ಯಾಕೆ ಬೇಕು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2014ರ ಕೊನೆಯಲ್ಲಿ ಪಕ್ಕದ ಉಲ್ಹಾಸನಗರದಲ್ಲಿ ವಾಲಧುನಿ ನದಿಗೆ ಟ್ಯಾಂಕರಿನಿಂದ ರಾಸಾಯನಿಕ ಸುರಿದರು. ಎದ್ದ ಅನಿಲಕ್ಕೆ ನೂರಾರು ಜನ ಆಸ್ಪತ್ರೆ ಸೇರಿದರು. ಒಂದೊಂದೇ ಆಗಿ ಸುಮ್ಮನಿರುವ ತ್ಯಾಜ್ಯಗಳು ಚರಂಡಿಯಲ್ಲಿ ಕೂಡಿದಾಗ ಬೇರೆಯೇ ಆಗಿಬಿಡುತ್ತವೆ. ಸಲ್ಫೈಡ್ ಇರುವ ನೀರಿಗೆ ಆಮ್ಲ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಪ್ರಮಾಣ ಏರಿದರೆ ಅದು ಮೂಗನ್ನೇ ಮರಗಟ್ಟಿಸುತ್ತದೆ. ನಾತ ಹೋಯಿತಲ್ಲ ಎಂದು ಜನ ಸಮಾಧಾನಪಟ್ಟುಕೊಳ್ಳುವ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದು. ಸಯನೈಡ್ ಇರುವ ತ್ಯಾಜ್ಯಕ್ಕೆ ಆಮ್ಲ ಸೇರಿದರೆ ಹೊರಡುವ ಅನಿಲ ಅಷ್ಟು ಸಮಯವನ್ನೂ ಕೊಡುವುದಿಲ್ಲ. ಅದಕ್ಕೇ ಡ್ರಮ್ಮಿನ ಮೇಲೆ ಹೊಳೆಯುವ ಹಳದಿ ಪಟ್ಟಿ ಅಂಟಿಸಿ, 'ಅಪಾಯಕಾರಿ ತ್ಯಾಜ್ಯ' ಎಂದು ಇಂಗ್ಲಿಷ್, ಹಿಂದಿ ಮತ್ತು ಆ ಊರಿನ ಭಾಷೆಯಲ್ಲಿ ಕೆಂಪಕ್ಷರದಲ್ಲಿ ಬರೆಯಬೇಕೆಂದು ನಿಯಮ ಹೇಳುತ್ತದೆ. ಡ್ರಮ್ ಎತ್ತಿಳಿಸುವವನಿಗೆ ಓದಲು ಬರಬೇಕಲ್ಲ!

ಇವೆಲ್ಲ ಭೋಪಾಲದ ಗೋರಿಗಳ ಮೇಲೆ ಎದ್ದ ಕಾನೂನುಗಳು. 1984ರ ಡಿಸೆಂಬರಿನ ಆ ರಾತ್ರಿಯಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1989ರಲ್ಲಿ ಅದರಡಿ ಅಪಾಯಕಾರಿ ತ್ಯಾಜ್ಯಕ್ಕೊಂದು, ಅಪಾಯಕಾರಿ ರಾಸಾಯನಿಕಗಳಿಗೊಂದು ನಿಯಮಾವಳಿ ಬಂದವು. ತ್ಯಾಜ್ಯಕ್ಕೆ ಈಗ ಇರುವುದು 2016ರ ನಿಯಮಗಳು. ಕಾರ್ಖಾನೆ ತನ್ನ ಅಂಗಳದಲ್ಲಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆಮೇಲೆ ಅದು ತಳೋಜದಲ್ಲೋ ಪುಣೆ ಬಳಿಯ ರಂಜನಗಾಂವದಲ್ಲೋ ಇರುವ ವಿಲೇವಾರಿ ಕೇಂದ್ರಕ್ಕೆ ಹೋಗಿ, ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಗೋ ಸುಡುವ ಕುಲುಮೆಗೋ ಸೇರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1989ರ ಆ ರಾಸಾಯನಿಕಗಳ ನಿಯಮಾವಳಿಯ ಒಂದು ಸಣ್ಣ ಮಾತು. ದೊಡ್ಡ ಅಪಘಾತದ ಸಂಭವವಿರುವ ಕಾರ್ಖಾನೆಯವರು, ಅದರಿಂದ ತೊಂದರೆಗೆ ಸಿಲುಕಬಹುದಾದ ಹೊರಗಿನ ಜನರಿಗೆ ಅಪಾಯ ಯಾವ ಬಗೆಯದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮೊದಲೇ ತಿಳಿಸಬೇಕು. ಜಿಲ್ಲಾಡಳಿತ ಕಾರ್ಖಾನೆಯ ಹೊರಗಿನ ತುರ್ತು ಯೋಜನೆಯ ತಾಲೀಮನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. 2016ರ ಮೇ ತಿಂಗಳಲ್ಲಿ, ಮತ್ತೆ 2024ರ ಮೇ ತಿಂಗಳಲ್ಲಿ ಡೊಂಬಿವಲಿಯ ಕಾರ್ಖಾನೆಗಳು ಸಿಡಿದಾಗ ಸುತ್ತಲಿನ ಮನೆಗಳ ಕಿಟಕಿಗಾಜು ಪುಡಿಯಾಯಿತು. ಗಾಜು ಗುಡಿಸುತ್ತಿದ್ದ ಎಷ್ಟು ಜನಕ್ಕೆ ಈ ನಿಯಮ ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ಅಂಥದೊಂದು ಕರಪತ್ರ ನಮ್ಮ ಬಾಗಿಲಿಗೆ ಬಂದಿಲ್ಲ.

ಕಳೆದ ತಿಂಗಳು ನಮ್ಮ ಸೊಸೈಟಿಯವರೆಲ್ಲ ಸೇರಿ ಮರಾಠಿಯಲ್ಲಿ ಒಂದು ಅರ್ಜಿ ಬರೆದೆವು. ಮೂರೇ ಪ್ರಶ್ನೆ. ನಮ್ಮ ಹತ್ತಿರ ಯಾವ ರಾಸಾಯನಿಕ ಎಷ್ಟು ಇಟ್ಟಿದ್ದಾರೆ? ಸೈರನ್ ಕೂಗಿದರೆ ಕಿಟಕಿ ಮುಚ್ಚಿ ಒಳಗಿರಬೇಕೋ, ಗಾಳಿಗೆ ಅಡ್ಡವಾಗಿ ಓಡಬೇಕೋ? ಮುಂದಿನ ತಾಲೀಮು ಯಾವತ್ತು? ಮೂರನೇ ಮಹಡಿಯ ಅಜ್ಜಿ ಸಹಿ ಹಾಕುವಾಗ ಇನ್ನೊಂದು ಸೇರಿಸಲು ಹೇಳಿದರು. ಓಡಲಾಗದವರು ಏನು ಮಾಡಬೇಕು?